ಗೋವಿಂದಪ್ಪನವರ ಅಂಗಡಿಗೆ ಬಂದವರು

ಪ್ರಭುವಿನ ಕಂಪ್ಯೂಟರು ಫೋನಿನ ತಂತಿಯ ಮೂಲಕ ಇಂಟರ್ನೆಟ್ಟಿಗೆ ಹೋಗುವಾಗ ಒಂದು ಸದ್ದು ಬರುತ್ತಿತ್ತು. ಮೊದಲು ಕಿರ್ರೆನ್ನುವುದು, ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡಂತೆ ಗುರಗುಟ್ಟುವುದು, ಕೊನೆಗೆ ಮೌನ. ಮೌನವಾಯಿತೆಂದರೆ ಚಳ್ಳಕೆರೆಯ ನಮ್ಮ ಮನೆಯ ಬೀದಿ ಕಡೆಯ ಕೋಣೆ ಲೋಕಕ್ಕೆ ಸೇರಿಕೊಂಡಿತು ಎಂದರ್ಥ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದರೂ ನನಗೆ ಅದು ತಿಳಿಯುತ್ತಿತ್ತು.

ಅದು ಎರಡು ಸಾವಿರದ ಐದನೇ ಇಸವಿ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದ ಮೇಲೆ ಆ ಕೋಣೆಯನ್ನು ಇಂಟರ್ನೆಟ್ ಅಂಗಡಿ ಇಡಲು ಪ್ರಭುವಿಗೆ ಬಾಡಿಗೆಗೆ ಕೊಟ್ಟಿದ್ದೆ. ಅವನ ಹೆಸರಿನಲ್ಲಿ ಫೋನ್ ಸಿಗುವುದು ತಡವಾಗಿ, ನಮ್ಮ ಮನೆಯ ಫೋನನ್ನೇ ಇಬ್ಬರೂ ಬಳಸುತ್ತಿದ್ದೆವು. ಭಾನುವಾರ ಸಂಜೆ ನನ್ನ ಅಕ್ಕ ಹೊಸದುರ್ಗದಿಂದ ಫೋನು ಮಾಡುವ ಹೊತ್ತಿಗೆ ಸರಿಯಾಗಿ ಅವನು ಗಿರಾಕಿಗಳಿಗೆ ಲೈನು ಸರಿಯಿಲ್ಲ, ಸ್ವಲ್ಪ ತಡೀರಿ ಎಂದು ಹೇಳಿ ಸಂಪರ್ಕ ಕಡಿಯುತ್ತಿದ್ದ. ಲೈನು ಸರಿಯಾಗಿಯೇ ಇರುತ್ತಿತ್ತು. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಜನ ಅವನಲ್ಲಿಗೆ ಬರುತ್ತಿದ್ದದ್ದು ಪರೀಕ್ಷೆಯ ಫಲಿತಾಂಶ ನೋಡಲು, ಅರ್ಜಿ ತುಂಬಲು. ಅವನಿಗೆ ಇಷ್ಟವಿದ್ದದ್ದು ಮಾತ್ರ ವೆಬ್‌ಸೈಟ್ ಮಾಡುವ ಕೆಲಸ. ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜಿಗೆ ಒಂದು ಮಾಡಿದ್ದ, ಒಬ್ಬ ಕಂಬಳಿ ವ್ಯಾಪಾರಿಗೆ ಒಂದು, ಒಂದು ಎಣ್ಣೆ ಮಿಲ್ಲಿಗೆ ಒಂದು. ಅದಕ್ಕೆ ಬೇಕಾದ ಇಂಗ್ಲಿಷನ್ನು ನಾನು ಬರೆದುಕೊಡುತ್ತಿದ್ದೆ. ಸೈಟ್ ಮಾಡುವುದು ದೊಡ್ಡದಲ್ಲ, ಹುಡುಕುವವರಿಗೆ ಅದು ಸಿಗುವಂತೆ ಮಾಡುವುದೇ ವಿದ್ಯೆ ಎಂದು ಅವನು ಹೇಳುತ್ತಿದ್ದ. ಹುಡುಕಿದಾಗ ಬರುವ ಮೊದಲ ಪುಟ ಅಂದರೆ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿ, ಎರಡನೇ ಪುಟ ಅಂದರೆ ಊರ ಹೊರಗಿನ ತಳಕಿನ ರಸ್ತೆ, ಮೂರನೇ ಪುಟಕ್ಕೆ ದನ ಮೇಯಿಸುವವರು ಬಿಟ್ಟರೆ ಯಾರೂ ಹೋಗಲ್ಲ ಎಂಬುದು ಅವನ ವಿವರಣೆ.

ಮೊದಲ ಪುಟಕ್ಕೆ ಬರಲು ಅವನು ಯಾವ ಯಾವುದೋ ಉಪಾಯ ಮಾಡುತ್ತಿದ್ದ. ಒಮ್ಮೆ ಎಣ್ಣೆ ಮಿಲ್ಲಿನ ಪುಟದ ಕೆಳಗೆ ಬರೀ ಬಿಳಿ ಜಾಗ ಉದ್ದಕ್ಕೆ ಬಿದ್ದಿದ್ದನ್ನು ಕಂಡು ನಾನು ಮೌಸ್ ಎಳೆದು ನೋಡಿದೆ. ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ ಕಡಲೆಕಾಯಿ ಎಣ್ಣೆ, ಕಡಲೆಕಾಯಿ ಎಣ್ಣೆ ಎಂದು ಇಂಗ್ಲಿಷಿನಲ್ಲಿ ಸಾಲುಗಟ್ಟಲೆ ಬರೆದಿದ್ದ. ಓದುವವರಿಗೆ ಕಾಣಬಾರದು, ಹುಡುಕುವ ಯಂತ್ರಕ್ಕೆ ಕಾಣಬೇಕು ಎಂಬ ಲೆಕ್ಕ.

"ಇದೇನೋ, ಬಾಗಿಲ ಹಿಂದೆ ನಿಂತು ಕೂಗಿದಂಗೈತಲ್ಲ" ಎಂದೆ.

ಅವನು ತಲೆ ಕೆರೆದುಕೊಂಡು ನಕ್ಕ. ಎಲ್ಲರೂ ಹಂಗೇ ಮಾಡ್ತಾರೆ ಮೇಡಂ ಅಂದ. ಒಂದು ತಿಂಗಳಿಗೆ ಆ ಪುಟ ಹುಡುಕಾಟದಿಂದಲೇ ಕಾಣೆಯಾಯಿತು. ಇಂಥ ಉಪಾಯ ಮಾಡಿದವರನ್ನು ಯಂತ್ರವೇ ಪತ್ತೆಹಚ್ಚಿ ಹೊರಗೆ ಹಾಕುತ್ತದಂತೆ. ಅವನು ಮಿಲ್ಲಿನ ಯಜಮಾನರ ಬಳಿ ಹೋಗಿ ತಪ್ಪು ತನ್ನದೆಂದು ಹೇಳಿ, ಬಿಳಿ ಅಕ್ಷರಗಳನ್ನೆಲ್ಲ ಅಳಿಸಿ, ಮತ್ತೆ ಮೊದಲಿಂದ ಮಾಡಿಕೊಟ್ಟ.

ಆ ವರ್ಷವೇ ಶ್ರಾವಣದಲ್ಲಿ ವೀಣಾ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಮೊಳಕಾಲ್ಮುರಿನ ನೇಕಾರರ ಮನೆಗೆ ಮದುವೆಯಾಗಿ ಹೋಗಿದ್ದಳು. ತರಗತಿಯಲ್ಲಿ ಅವಳು ಉತ್ತರ ಗೊತ್ತಿದ್ದರೂ ಪಕ್ಕದವಳು ಹೇಳಲಿ ಎಂದು ಒಂದು ಗಳಿಗೆ ಕಾಯುತ್ತಿದ್ದಳು. ಅದರಿಂದ ನೆನಪಿನಲ್ಲಿ ಉಳಿದಿದ್ದಳು. ಬಟ್ಟೆಯ ಚೀಲದಿಂದ ಒಂದು ಸೀರೆ ತೆಗೆದು ನನ್ನ ಮಡಿಲ ಮೇಲಿಟ್ಟಳು. ಹಸಿರು ಒಡಲು, ಎರಡೂ ಕಡೆ ಕೆಂಪು ಅಂಚು, ಅಂಚಿನಲ್ಲಿ ನವಿಲು. ಅಂಚಿನ ಕೆಂಪು ಒಡಲಿನ ಹಸಿರಿಗೆ ಒಂದು ಎಳೆಯೂ ಚೆಲ್ಲಿರಲಿಲ್ಲ. ಎರಡು ಬಣ್ಣದ ಎಳೆಗಳನ್ನು ಪ್ರತಿ ಸಾಲಿನಲ್ಲೂ ಒಂದಕ್ಕೊಂದು ಸಿಕ್ಕಿಸಿ ನೇಯುವ ಕುಟ್ಟು ನೇಯ್ಗೆ ಅದು. ನೇಯುವವರ ಪಕ್ಕದಲ್ಲಿ ಇನ್ನೊಬ್ಬರು ಕೂತು ಅಂಚಿನ ಲಾಳಿ ಹಿಡಿದು ಕೊಡಬೇಕು. ಅವಳ ಮಾವ ಗೋವಿಂದಪ್ಪ ನೇಯುತ್ತಿದ್ದರು, ಅತ್ತೆ ದ್ಯಾಮಮ್ಮ ಲಾಳಿ ಕೊಡುತ್ತಿದ್ದರು.

ಅವಳು ಬಂದ ಕಾರಣ ಸೀರೆ ತೋರಿಸುವುದಲ್ಲ. ಗಂಡ ಚೌಡೇಶ್ ಮನೆಯ ನಡುಮನೆಯಲ್ಲಿರುವ, ನೇಯುವವರು ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿಯನ್ನು ಮುಚ್ಚಿಸಬೇಕೆಂದಿದ್ದ. ಕರೆಂಟಿನ ಮಗ್ಗ ತರುವ ಯೋಚನೆ. ಅದಕ್ಕೆ ಸಮನಾದ ನೆಲ ಬೇಕು. ಅದರಲ್ಲಿ ಕುಟ್ಟು ನೇಯಲಾಗುವುದಿಲ್ಲ. ಒಮ್ಮೆ ಗುಂಡಿ ಮುಚ್ಚಿದರೆ ಮಾವನ ನೇಯ್ಗೆ ಅಲ್ಲಿಗೆ ಮುಗಿಯಿತು.

ಗಂಡನನ್ನು ದೂರುವ ದನಿ ಅವಳದಾಗಿರಲಿಲ್ಲ. "ಅವ್ರು ಹೇಳೋದೂ ಸುಳ್ಳಲ್ಲ ಮೇಡಂ. ಗುಂಡಿ ಒಳಗೆ ತಂಡಿ. ಮಾಮ ಸಂಜೆ ಮೇಲೆ ಬರೋವಾಗ ಗ್ವಾಡೆ ಹಿಡ್ಕಂಡು ಏಳ್ತಾರೆ. ಮೊಳಕಾಲು ಹಿಡ್ಕಂಡಿರುತ್ತೆ. ಅದನ್ನ ನೋಡಾಕಾಗದೆ ಇವ್ರು ಹಂಗಂತಾರೆ. ಕೊಳ್ಳೋರಾದ್ರೂ ಇದ್ದಿದ್ರೆ ಮಾತು ಬ್ಯಾರೆ ಇತ್ತು, ಇಲ್ಲಿ ಅಂಗಡಿಯೋರು ಕುಟ್ಟು ಅಂದ್ರೂ ಒಂದೇ, ಅಲ್ಲ ಅಂದ್ರೂ ಒಂದೇ."

ದೀಪಾವಳಿಯವರೆಗೆ ಸಮಯ ಕೊಡಿ ಎಂದು ಅವಳು ಗಂಡನನ್ನು ಕೇಳಿಕೊಂಡಿದ್ದಳು. ಅಷ್ಟರೊಳಗೆ ದೂರದೂರಿಂದ ಈ ನೇಯ್ಗೆಯೇ ಬೇಕೆಂದು ಕೇಳಿ ಬರುವವರು ಒಬ್ಬರಾದರೂ ಸಿಗಬೇಕು. ಅದಕ್ಕೊಂದು ವೆಬ್‌ಸೈಟ್.

ನಾನೂ ಪ್ರಭುವೂ ಫೋಟೋ ತೆಗೆಯಲು ಮೊಳಕಾಲ್ಮುರಿಗೆ ಹೋದೆವು. ಸ್ಟುಡಿಯೋದವರ ಡಿಜಿಟಲ್ ಕ್ಯಾಮೆರಾವನ್ನು ಪ್ರಭು ತೊಡೆಯ ಮೇಲೆ ಮಗುವಿನಂತೆ ಹಿಡಿದುಕೊಂಡಿದ್ದ. ಆಚೆ ಈಚೆ ಬಂಡೆಗುಡ್ಡ, ನಡುವೆ ಸಾಲಾಗಿ ಹೆಂಚಿನ ಮನೆ. ಬೀದಿಯಲ್ಲಿ ಕಾಲಿಟ್ಟರೆ ಎರಡೂ ಕಡೆಯಿಂದ ಮಗ್ಗದ ಸದ್ದು. ದ್ಯಾಮಮ್ಮ ಬಾಗಿಲಲ್ಲೇ, "ರಾ ತಲ್ಲಿ, ರಾ" ಎಂದು ತಮ್ಮ ಮನೆಮಾತು ತೆಲುಗಿನಲ್ಲೇ ಕರೆದು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನಾನು ಚಪ್ಪಲಿ ಬಿಡುವಾಗ ಗೋಡೆ ಹಿಡಿದದ್ದನ್ನು ನೋಡಿ, ಹಿಂದಿರುಗುವಾಗ ಕೂತು ಚಪ್ಪಲಿ ಹಾಕಿಕೊಳ್ಳಲೆಂದು ಬಾಗಿಲ ಬಳಿ ಒಂದು ಮಣೆ ತಂದಿಟ್ಟಿದ್ದರು. ಅದನ್ನು ನಾನು ಹೊರಡುವಾಗಷ್ಟೇ ಕಂಡೆ.

ಸೀರೆಯನ್ನು ಹೆಗಲ ಮೇಲೆ ಹೊದ್ದು ನಿಲ್ಲಿ, ಚೆನ್ನಾಗಿ ಬರುತ್ತೆ ಎಂದು ಪ್ರಭು ದ್ಯಾಮಮ್ಮನನ್ನು ಕೇಳಿದ. ಅವರು ಒಪ್ಪಲಿಲ್ಲ. ಮಾರುವ ಸೀರೆಯನ್ನು ನೇಯ್ದ ಮನೆಯವರು ಮೈಮೇಲೆ ಹಾಕಿಕೊಳ್ಳುವುದು ಅವರ ಮನೆಯಲ್ಲಿ ರೂಢಿಯಿರಲಿಲ್ಲ. ಹಾಗಾಗಿ ಮಗ್ಗದ ಮೇಲಿದ್ದ ಅರ್ಧ ಸೀರೆಯ ಚಿತ್ರವನ್ನೇ ತೆಗೆದೆವು. ಗೋವಿಂದಪ್ಪ ಗುಂಡಿಯೊಳಗೆ ಕಾಲು ಬಿಟ್ಟು ಕೂತಿದ್ದರು, ನೆಲಕ್ಕೆ ಸಮನಾಗಿ ಸೊಂಟ. ಮಾತು ಕಡಿಮೆ. ಲಾಳಿ ಹೋಗಿ ಬರುವ ಸದ್ದಿನ ನಡುವೆ ಒಂದು ಮಾತು ಕೇಳಿದರು.

"ಮೇಡಮ್ನೋರೆ, ಈ ಅಂಗಡಿಗೆ ಬಾಗ್ಲು ಯಾವ ದಿಕ್ಕಿಗೆ?"

ಎಲ್ಲಾ ದಿಕ್ಕಿಗೂ ಬಾಗಿಲು ಎಂದ ಪ್ರಭು. ಅವರಿಗೆ ಅದು ಹಿಡಿಸಿದಂತೆ ಕಾಣಲಿಲ್ಲ. ಎಲ್ಲಾ ಕಡೆ ಬಾಗಿಲಿರುವ ಅಂಗಡಿಯಲ್ಲಿ ಯಜಮಾನ ಯಾವ ಕಡೆ ಮುಖ ಮಾಡಿ ಕೂರಬೇಕು ಎಂದು ಯೋಚಿಸುತ್ತಿದ್ದರೋ ಏನೋ.

ಪುಟ ಸಿದ್ಧವಾಯಿತು. ಈ ಸಲ ಬಿಳಿ ಅಕ್ಷರ ಇರಲಿಲ್ಲ. ಆದರೆ ರೇಷ್ಮೆ ಸೀರೆ ಎಂದು ಹುಡುಕಿದರೆ ದೊಡ್ಡ ದೊಡ್ಡ ಊರಿನ ಅಂಗಡಿಗಳೇ ಬರುತ್ತಿದ್ದವು. ನಮ್ಮದು ಎಷ್ಟು ಪುಟ ತಿರುವಿದರೂ ಇಲ್ಲ. ಪ್ರಭು ಇನ್ನೊಂದು ದಾರಿ ಹೇಳಿದ. ಹುಡುಕಿದವರಿಗೆ ಪುಟದ ಬಲಗಡೆ ಜಾಹೀರಾತಿನ ಸಣ್ಣ ಸಾಲುಗಳು ಕಾಣುತ್ತವೆ. ಅಲ್ಲಿ ನಮ್ಮದೊಂದು ಸಾಲು ಹಾಕಿಸಬಹುದು. ಸಾಲು ಸುಮ್ಮನೆ ಕಂಡರೆ ಖರ್ಚಿಲ್ಲ. ಯಾರಾದರೂ ಅದನ್ನು ಒತ್ತಿ ಒಳಗೆ ಬಂದರೆ ಮಾತ್ರ ನಾವು ಮೊದಲೇ ಕಟ್ಟಿದ ಹಣದಲ್ಲಿ ಹುಡುಕಾಟದ ಕಂಪನಿಯವರು ಒಂದಿಷ್ಟು ಮುರಿದುಕೊಳ್ಳುತ್ತಾರೆ. ಕಟ್ಟಿದ್ದು ತೀರಿದರೆ ಸಾಲು ಅಳಿಸಿಹೋಗುತ್ತದೆ. ಬೆಂಗಳೂರಿನ ಅವನ ಗೆಳೆಯನ ಕಾರ್ಡಿನಿಂದ ಕಟ್ಟಿಸುವುದೆಂದಾಯಿತು. ವೀಣಾ ಟೈಲರಿಂಗ್‌ನಿಂದ ಕೂಡಿಸಿದ್ದನ್ನು ಕೊಟ್ಟಳು. ದೀಪಾವಳಿಯವರೆಗೆ ಧಾರಾಳವಾಗಿ ಬರುತ್ತದೆ ಎಂದು ಪ್ರಭು ಅಂದಾಜು ಮಾಡಿದ. ಆ ಸಾಲನ್ನು ನಾನೇ ಬರೆದೆ: ಮೊಳಕಾಲ್ಮುರು ಕೈಮಗ್ಗದ ಕುಟ್ಟು ಸೀರೆ, ಗೋವಿಂದಪ್ಪನವರ ಮನೆಯಿಂದ.

ಕಂಪ್ಯೂಟರಿನಲ್ಲಿ ಮೊದಲ ಸಲ ಆ ಸಾಲು ಕಂಡಾಗ ವೀಣಾ ತನ್ನ ಊರಿನ ಹೆಸರನ್ನು ಬೆರಳಿನಿಂದ ಮುಟ್ಟಿದಳು. ಗಾಜಿನ ಮೇಲೆ ಅವಳ ಬೆರಳ ಗುರುತು ಉಳಿಯಿತು. ಪ್ರಭು ಅದನ್ನು ಎರಡು ದಿನ ಒರೆಸಲಿಲ್ಲ.

ಆಮೇಲೆ ನಡೆದದ್ದನ್ನು ಈಗ ನೆನೆದರೂ ನನಗೆ ನಗು ಬರುತ್ತದೆ, ಜೊತೆಗೆ ಇನ್ನೇನೋ ಬರುತ್ತದೆ.

ವಾರ ಕಳೆದಿರಲಿಲ್ಲ. ಬೆಳಿಗ್ಗೆ ನಾನು ರಂಗೋಲಿ ಹಾಕಿ ಏಳುವಾಗ ಪ್ರಭು ಕೋಣೆಯಿಂದ ಓಡಿಬಂದ. ನೂರಾರು ಜನ ಬಂದಿದ್ದಾರೆ ಮೇಡಂ, ಎಣ್ಣೆ ಮಿಲ್ಲಿಗೆ ವರ್ಷಕ್ಕೆ ಇಷ್ಟು ಜನ ಬರಲಿಲ್ಲ ಎಂದ. ಒತ್ತಿದವರು ಯಾರೂ ಬೇಗ ಹೋಗಿಲ್ಲ, ಒಬ್ಬೊಬ್ಬರೂ ಬಹಳ ಹೊತ್ತು ಪುಟದ ಮೇಲೇ ನಿಂತಿದ್ದಾರೆ ಎಂದು ಅವನಿಗೆ ಬಹಳ ಸಂತೋಷ. ಆದರೆ ಒಬ್ಬರೂ ಇ-ಮೇಲ್ ಪತ್ರ ಬರೆದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಾಲು ಅಳಿಸಿಹೋಯಿತು. ಕಟ್ಟಿದ್ದು ತೀರಿತ್ತು.

ಅದೇ ಮಧ್ಯಾಹ್ನ ವೀಣಾ ಬಂದಳು, ಒಂದು ಡಬ್ಬಿ ಕರ್ಜಿಕಾಯಿ ಹಿಡಿದುಕೊಂಡು. ಮುಖ ಅರಳಿತ್ತು. ಜೊತೆಗೆ ಬೀದಿಯ ಪಾತಮ್ಮನೂ ಬಂದಿದ್ದರು. ಗೋವಿಂದಪ್ಪನವರ ಮನೆಗೆ ನೂಲು ಸುತ್ತಿಕೊಡುವವರು ಅವರು. ತಲೆಗೆ ಹೂ ಮುಡಿದಿದ್ದರು, ಕೈಯಲ್ಲಿ ತೆಂಗಿನಕಾಯಿ.

"ಎಲ್ರೂ ಹೋಗಿ ಬಂದ್ರು ಮೇಡಂ" ಎಂದಳು ವೀಣಾ. "ರಾಯದುರ್ಗ, ಬಳ್ಳಾರಿ, ಧರ್ಮಾವರಂ, ನಮ್ಮೋರು ಎಲ್ಲೆಲ್ಲಿ ಅವ್ರೋ ಅಲ್ಲೆಲ್ಲ ಫೋನ್ ಮಾಡಿದ್ವಿ. ಒಬ್ರೂ ತಪ್ಪಿಸ್ಕಂಡಿಲ್ಲ."

ಹೊಸ ಅಂಗಡಿ ಇಟ್ಟರೆ ಗೊತ್ತಿದ್ದವರೆಲ್ಲ ಹೋಗಿ, ಸ್ವಲ್ಪ ಹೊತ್ತು ಕೂತು, ಎಲ್ಲವನ್ನೂ ನೋಡಿ ಬರುವುದು ಅವರಲ್ಲಿ ಮರ್ಯಾದೆ. ಹೋಗದಿದ್ದರೆ ಆ ಮನೆಯ ಏಳಿಗೆ ನೋಡಲಾಗದೆ ಉಳಿದರು ಎಂದಾಗುತ್ತದೆ. ಬಂದು ನಿಂತ ಕಾಲಲ್ಲೇ ಹೊರಟರೂ ಅಸಮಾಧಾನ. ಗೋವಿಂದಪ್ಪ ಅಂಗಡಿ ಇಟ್ಟಿದ್ದಾರೆ ಎಂದು ತಿಳಿದ ನೆಂಟರು, ಬೀದಿಯವರು ಎಲ್ಲರೂ ಅವರವರ ಊರಿನ ಇಂಟರ್ನೆಟ್ ಅಂಗಡಿಗೆ ಹೋಗಿದ್ದರು. ಕೆಲವರು ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಉಟ್ಟು. ಬಲಗಡೆಯ ಸಾಲು ಒತ್ತಿದರೆ ಗೋವಿಂದಪ್ಪನವರ ಬಾಗಿಲು ತೆಗೆಯುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು. ಮನೆಯಿಂದ ನಾಲ್ಕು ಜನ ಬಂದಿದ್ದರೆ ನಾಲ್ವರೂ ಬೇರೆ ಬೇರೆಯಾಗಿ ಒತ್ತಿದ್ದರು. ಒಬ್ಬರು ಹೋದರೆ ಮನೆಯವರೆಲ್ಲ ಹೋದಂತಾಗುವುದಿಲ್ಲವಲ್ಲ.

ಪ್ರಭು ಕುರ್ಚಿಯಲ್ಲಿ ಕೂತ. ಅವನ ಮುಖ ನೋಡಿ ವೀಣಾಳ ನಗು ನಿಧಾನವಾಗಿ ಇಳಿಯಿತು. ಪ್ರತಿ ಸಲ ಒತ್ತಿದ್ದಕ್ಕೂ ಹಣ ಮುರಿದುಕೊಳ್ಳುತ್ತಾರೆಂದು ಅವಳಿಗೆ ಅವನು ಹೇಳಿದ್ದ. ಆಗ ತಲೆಗೆ ಹೋಗಿರಲಿಲ್ಲ, ಈಗ ಹೋಯಿತು.

"ನಾನು ಇನ್ನೂ ನೋಡಿಲ್ಲ ಕಣಪ್ಪ, ನನಗೆ ತೋರ್ಸು" ಎಂದರು ಪಾತಮ್ಮ. "ನಮ್ಮೂರ ಅಂಗಡ್ಯಾಗೆ ಮೊದ್ಲು ಒತ್ತಿದ್ದು ನಾನೇ, ಆದ್ರೆ ಅಷ್ಟೊತ್ಗೆ ಕರೆಂಟು ಹೋಯ್ತು."

ಪ್ರಭು ಕುರ್ಚಿ ಬಿಟ್ಟು ಎದ್ದು, ಅದನ್ನು ಅಂಗಿಯ ತುದಿಯಿಂದ ಒರೆಸಿ, ಪಾತಮ್ಮನನ್ನು ಕೂರಿಸಿದ. ಪುಟದ ವಿಳಾಸವನ್ನು ತಾನೇ ಒತ್ತಿ ತೆಗೆದ. ಮಗ್ಗದ ಚಿತ್ರ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿದು ಬರುವವರೆಗೂ ಪಾತಮ್ಮ ಸೆರಗು ಹೊದ್ದು ಕೈ ಮುಗಿದುಕೊಂಡೇ ಕೂತಿದ್ದರು. ಬಹಳ ಹೊತ್ತು ನೋಡಿದರು. ನೂಲಿನ ಉಂಡೆಗಳು ಒಂದು ಮೂಲೆಯಲ್ಲಿ ಕಂಡಾಗ, ಅವು ನಾನು ಸುತ್ತಿದ್ದು ಎಂದರು.

ಅವರು ನನ್ನ ಅಡುಗೆಮನೆಗೆ ನೀರು ಕುಡಿಯಲು ಹೋದಾಗ ವೀಣಾ ತಗ್ಗಿದ ದನಿಯಲ್ಲಿ ಹೇಳಿದಳು. "ಯಾರಿಗೂ ಹೇಳೋದು ಬ್ಯಾಡ ಮೇಡಂ. ಪ್ರಭಣ್ಣ, ನೀವೂ ಅಷ್ಟೆ. ನಮ್ಮನೆಗೆ ಒಳ್ಳೇದಾಗ್ಲಿ ಅಂತ ಬಂದೋರು. ನೀವು ಬಂದಿದ್ದಕ್ಕೇ ಮುಳುಗಿತು ಅಂತ ಅವ್ರಿಗೆ ಯಾವ ಬಾಯಾಗೆ ಹೇಳ್ಲಿ?"

"ಹೇಳಲ್ಲ ಬಿಡಕ್ಕ" ಎಂದ ಪ್ರಭು. ಅವನು ಆ ಮಾತು ಉಳಿಸಿಕೊಂಡ. ನಾನೂ ಇಷ್ಟು ವರ್ಷ ಉಳಿಸಿಕೊಂಡು ಬಂದಿದ್ದೇನೆ. ಇಲ್ಲಿ ಊರ ಹೆಸರು ಬಿಟ್ಟು ಉಳಿದ ಹೆಸರುಗಳನ್ನು ಬದಲಿಸಿ ಬರೆಯುತ್ತಿರುವುದೂ ಅದಕ್ಕೇ.

ಮತ್ತೆ ಕಟ್ಟಲು ವೀಣಾಳ ಬಳಿ ಏನೂ ಉಳಿದಿರಲಿಲ್ಲ. ಪ್ರಭು ಕೊಡುತ್ತೇನೆಂದರೂ ಅವಳು ತೆಗೆದುಕೊಳ್ಳಲಿಲ್ಲ.

ನಾಲ್ಕೈದು ದಿನ ಬಿಟ್ಟು ಗೋವಿಂದಪ್ಪನವರೇ ನಮ್ಮ ಮನೆಗೆ ಬಂದರು. ಬಿಳಿ ಪಂಚೆ, ಇಸ್ತ್ರಿಯ ಅಂಗಿ. ಮೆಟ್ಟಿಲು ಹತ್ತುವಾಗ ಮೊಣಕಾಲಿಗೆ ಕೈ ಕೊಟ್ಟು ಹತ್ತಿದರು. ಕಾಫಿ ಕುಡಿದು, ಲೋಟ ತೊಳೆಯಲು ತಾವೇ ಎದ್ದು, ನಾನು ಬೇಡವೆಂದ ಮೇಲೆ ಕೂತರು. ವಿಷಯ ಗೊತ್ತಿಲ್ಲದ ಅವರಿಗೆ ಬೇರೊಂದು ಚಿಂತೆ ಹತ್ತಿತ್ತು. ಅಂಗಡಿಗೆ ಇಷ್ಟು ಜನ ಬಂದು ಹೋದರು, ಒಬ್ಬರಿಗೂ ಎಲೆ ಅಡಿಕೆ ಕೊಡಲಿಲ್ಲ. ಧರ್ಮಾವರಂನ ಷಡ್ಡಕ ಫೋನಿನಲ್ಲಿ ನಗುತ್ತಲೇ, ಏನಪ್ಪ ನಿನ್ನ ಅಂಗಡಿಯಲ್ಲಿ ನೀರೂ ಕೇಳೋರಿಲ್ಲ ಅಂದಿದ್ದರಂತೆ.

"ನಗಾಡ್ಕಂಡೇ ಅಂದ. ಆದ್ರೂ ಅಂದ್ನಲ್ಲ" ಎಂದರು ಗೋವಿಂದಪ್ಪ. "ಬಂದೋರ್ನ ಹಂಗೇ ಕಳಿಸಿದ್ರೆ ಹೆಂಗ್ರೀ ಮೇಡಮ್ನೋರೆ? ಅಲ್ಲಿ ಎಲೆ ಅಡಿಕೆ ಕೊಡಾಕಾಗದಿದ್ರೆ ಒಂದೊಂದು ಒಳ್ಳೆ ಮಾತಾದ್ರೂ ಇಡಬೌದಾ? ಬಂದೋರ ಹೆಸರು ತಗಂಡು."

ಪ್ರಭು ನನ್ನ ಮುಖ ನೋಡಿದ. ಗಿರಾಕಿಗೆ ಅದರಿಂದ ಏನು ಎಂಬುದು ಅವನ ಕಣ್ಣಲ್ಲಿತ್ತು. ಬಾಯಲ್ಲಿ ಮಾತ್ರ, ಹೇಳಿ ಅಣ್ಣ, ಬರ್ಕೊಳ್ತೀವಿ ಎಂದ.

ಗೋವಿಂದಪ್ಪ ಕಣ್ಣು ಅರ್ಧ ಮುಚ್ಚಿಕೊಂಡು ಹೇಳತೊಡಗಿದರು. ಇವರು ಇಂಥವರು ಎಂದು ಹೇಳಿ ಬಿಡಲಿಲ್ಲ. ತಮ್ಮ ಸೀರೆಗೂ ಅವರಿಗೂ ಏನು ನಂಟು ಎಂಬುದನ್ನೇ ಹೇಳಿದರು. ನೂಲು ಸುತ್ತುವ ಪಾತಮ್ಮ, ಎಳೆ ತುಂಡಾದರೆ ಗಂಟು ಹಾಕಿದ ಕಡೆ ಗುರುತಿಗೆ ಒಂದು ಹಳದಿ ದಾರ ಸಿಕ್ಕಿಸಿ ಕಳಿಸುತ್ತಾಳೆ, ನೇಯುವವನಿಗೆ ತೊಂದರೆಯಾಗದಿರಲಿ ಎಂದು. ಮಗ್ಗಕ್ಕೆ ಉದ್ದೆಳೆಗಳ ಹಾಸು ಹೂಡಿಕೊಡುವ ಚಿಕ್ಕೀರಪ್ಪ, ಅವನ ತಂದೆಯೂ ಇವರ ತಂದೆಗೆ ಹೂಡಿಕೊಡುತ್ತಿದ್ದವ. ಬಸ್ ಕಂಡಕ್ಟರ್ ಗಾದ್ರಪ್ಪ, ಮಳೆ ಬಂದರೆ ರೇಷ್ಮೆಯ ಗಂಟನ್ನು ತನ್ನ ಸೀಟಿನ ಮೇಲಿಟ್ಟು ರಾಯದುರ್ಗದಿಂದ ತಾನು ನಿಂತು ಬರುವವನು. ರಾಯದುರ್ಗದಲ್ಲಿ ಬಣ್ಣ ಹಾಕುವ ಜಂಬುಲಿಂಗಪ್ಪ, ಅಂಚಿನ ಕೆಂಪನ್ನು ಒಮ್ಮೆ ಅದ್ದಿ ಒಣಗಿಸಿ, ಮಾರನೆಯ ದಿನ ಮತ್ತೆ ಅದ್ದುವವರು. ಒಂದೇ ಸಲಕ್ಕೆ ಮುಗಿಸು ಎಂದರೆ ರೇಷ್ಮೆಯನ್ನೇ ವಾಪಸ್ ಕೊಡುವವರು.

ನಾನು ಕೇಳುತ್ತಾ ಬರೆದುಕೊಂಡೆ. ಆಮೇಲೆ ಇಂಗ್ಲಿಷ್ ಮಾಡಲು ಒಂದು ವಾರ ಹಿಡಿಯಿತು. ಒಬ್ಬೊಬ್ಬರ ಬಗ್ಗೆ ಒಂದೊಂದು ಸಣ್ಣ ಪ್ಯಾರಾ. ಅದಕ್ಕೆ 'ನಮ್ಮಲ್ಲಿಗೆ ಬಂದವರು' ಎಂದು ಹೆಸರಿಟ್ಟೆವು. ಪುಟದ ತುದಿಗೆ ಎರಡು ವೀಳ್ಯದೆಲೆ, ಒಂದು ಅಡಿಕೆಯ ಚಿತ್ರ ಹಾಕಿದವನು ಪ್ರಭು. ಯಾರೂ ಹೇಳಿರಲಿಲ್ಲ.

ದೀಪಾವಳಿಗೆ ಇನ್ನು ಸ್ವಲ್ಪವೇ ದಿನ ಇರುವಾಗ ಇ-ಮೇಲಿನಲ್ಲಿ ಒಂದು ಪತ್ರ ಬಂತು. ಮೈಸೂರಿನಿಂದ ಗೀತಮ್ಮ ಎಂಬವರು ಬರೆದಿದ್ದರು. ಸೀರೆ ಕೇಳಿರಲಿಲ್ಲ. ನಿಮ್ಮ ಪುಟದಲ್ಲಿ ರಾಯದುರ್ಗದ ಜಂಬುಲಿಂಗಪ್ಪ ಎಂದು ಬರೆದಿದ್ದೀರಿ, ನನ್ನ ತಾಯಿ ತಮ್ಮ ಮದುವೆ ಸೀರೆಯ ಕೆಂಪು ರಾಯದುರ್ಗದಲ್ಲಿ ಎರಡು ದಿನ ಅದ್ದಿದ ಕೆಂಪು ಎಂದು ಹೇಳುತ್ತಿದ್ದರು, ಅದು ಇವರ ಮನೆಯದೇ ಇರಬಹುದೆ, ಅವರು ಈಗಲೂ ಬಣ್ಣ ಹಾಕುತ್ತಾರೆಯೇ ಎಂದು ಅಷ್ಟೇ ಕೇಳಿದ್ದರು. ಅಮ್ಮ ಹೇಳುತ್ತಿದ್ದ ಮಾತುಗಳನ್ನೇ ಇಂಗ್ಲಿಷಿನಲ್ಲಿ ಬರೆದು ಹುಡುಕಿದಾಗ ಮೊದಲು ಬಂದದ್ದು ನಮ್ಮ ಪುಟವಂತೆ.

ಪ್ರಭು ಆ ಮಾತನ್ನು ಎರಡು ಸಲ ಓದಿದ. ತಾನೂ ಹಾಗೇ ಹುಡುಕಿ ನೋಡಿದ. ಮೊದಲ ಪುಟದಲ್ಲಿ, ಮೊದಲನೆಯದಾಗಿ ನಾವೇ. ಲೋಕದಲ್ಲಿ ಆ ಮಾತುಗಳನ್ನು ಒಟ್ಟಿಗೆ ಬರೆದವರು ಬೇರೆ ಯಾರೂ ಇರಲಿಲ್ಲ. ಅವನು ಹೊರಗೆ ಹೋಗಿ ನನಗೂ ಅವನಿಗೂ ಟೀ ತಂದ. ಆಮೇಲೆ, ಕೊಳ್ಳುವವರಂತೂ ಅಲ್ಲ ಬಿಡಿ ಮೇಡಂ ಎಂದು ನಿಟ್ಟುಸಿರುಬಿಟ್ಟ.

ಗೋವಿಂದಪ್ಪ ಪತ್ರವನ್ನು ಹಾಗೆ ನೋಡಲಿಲ್ಲ. ಕೇಳಿದವರಿಗೆ ಸರಿಯಾದ ಉತ್ತರ ಕೊಡಬೇಕೆಂದು ಗಾದ್ರಪ್ಪನ ಬಸ್ಸಿನಲ್ಲಿ ರಾಯದುರ್ಗಕ್ಕೆ ಹೋದರು. ಜಂಬುಲಿಂಗಪ್ಪ, ಆ ಕಾಲದಲ್ಲಿ ಎರಡು ದಿನ ಅದ್ದುತ್ತಿದ್ದದ್ದು ತಮ್ಮ ತಂದೆ ಮಾತ್ರ ಎಂದು ಹೇಳಿ, ಹೊಸದಾಗಿ ಅದ್ದಿದ ಕೆಂಪು ರೇಷ್ಮೆಯ ಒಂದು ಎಳೆ ಕೊಟ್ಟರು. ಅದನ್ನು ಕಾಗದಕ್ಕೆ ಸುತ್ತಿ, ನಾನು ನಾಲ್ಕು ಸಾಲು ಬರೆದು, ಮೈಸೂರಿಗೆ ಅಂಚೆಯಲ್ಲಿ ಕಳಿಸಿದೆವು. ತಾಯಿಯ ಸೀರೆಯ ಪಕ್ಕದಲ್ಲಿಟ್ಟು ನೋಡಿಕೊಳ್ಳಲಿ ಎಂದು.

ದೀಪಾವಳಿ ಬಂತು, ಹೋಯಿತು. ಉತ್ತರ ಬರಲಿಲ್ಲ. ಚೌಡೇಶ್ ಒಂದು ಟ್ರ್ಯಾಕ್ಟರ್ ಮರಳು ತರಿಸಿ ಬಾಗಿಲ ಮುಂದೆ ಹಾಕಿಸಿದ.

ಆ ವಾರ ನಾನು ಹಬ್ಬದ ತಿಂಡಿ ತೆಗೆದುಕೊಂಡು ಅವರ ಮನೆಗೆ ಹೋದೆ. ಮರಳು ಬಿದ್ದಿತ್ತು, ಗುಂಡಿ ಇನ್ನೂ ಇತ್ತು. ಮಗ್ಗದ ಮೇಲೆ ಸೀರೆ ಮುಗಿದಿರಲಿಲ್ಲ. ಅರ್ಧ ನೇಯ್ದ ಹಾಸನ್ನು ಕತ್ತರಿಸಿ ತೆಗೆಯುವುದನ್ನು ಆ ಬೀದಿಯಲ್ಲಿ ಯಾರೂ ಮಾಡುವುದಿಲ್ಲ. ಅದು ಮುಗಿಯಲಿ ಎಂದು ಚೌಡೇಶ್ ಕಾಯುತ್ತಿದ್ದ. ಗೋವಿಂದಪ್ಪ ನೇಯುತ್ತಲೇ ಇದ್ದರು. ನಾಲ್ಕು ಸಾಲು ನೇಯುವರು, ನಿಲ್ಲಿಸಿ ಅಂಚು ಸವರುವರು. ಒಂದು ಎಳೆಯನ್ನು ಬೆಳಕಿಗೆ ಹಿಡಿಯುವರು. ನೀರು ಕೇಳುವರು.

ದ್ಯಾಮಮ್ಮ ಲಾಳಿ ಕೈಯಲ್ಲಿ ಹಿಡಿದು ಕಾಯುತ್ತಾ ನನ್ನ ಕಿವಿಯ ಬಳಿ ಹೇಳಿದರು. "ಮದುವೆ ಆದಾಗಿಂದ ನೋಡಿದೀನಿ ತಾಯಿ. ಇಷ್ಟು ನಿಧಾನಕ್ಕೆ ಈ ಮನುಷ್ಯ ಎಂದೂ ನೇಯ್ದೋನಲ್ಲ."

ಚೌಡೇಶ್ ಬಾಗಿಲಲ್ಲಿ ನಿಂತಿದ್ದ. ಅವನೂ ನೇಕಾರನ ಮಗ. ಲಾಳಿಯ ಸದ್ದು ಎಷ್ಟು ಹೊತ್ತಿಗೊಮ್ಮೆ ಬರಬೇಕೆಂದು ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ. ನನ್ನನ್ನು ನೋಡಿ, ತಂದೆಯನ್ನು ನೋಡಿ, "ಹಬ್ಬದ ಆಯಾಸ, ಅದುಕ್ಕೇ ತಡ ಆಗ್ತೈತೆ ಮೇಡಂ. ಮುಗೀಲಿ, ಅವಸರ ಏನಿಲ್ಲ" ಎಂದ. ಹೊರಗೆ ಹೋಗಿ ಗೋಣಿಚೀಲ ತಂದು ಮರಳಿನ ಮೇಲೆ ಹೊದಿಸಿದ. ಮಳೆಗಾಲ ಮುಗಿದಿತ್ತು. ಮರಳಿಗೆ ಹೊದಿಕೆ ಯಾಕೆಂದು ನಾನು ಕೇಳಲಿಲ್ಲ.

ಕಾರ್ತಿಕದ ಕೊನೆಯಲ್ಲಿ ಒಂದು ಬೆಳಿಗ್ಗೆ ವೀಣಾ ಬೀದಿಯ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಳು. ಗೀತಮ್ಮ ಬಂದಿದ್ದಾರೆ, ಮಗಳನ್ನೂ ಕರೆದುಕೊಂಡು, ಹೇಳದೆ ಕೇಳದೆ. ನಾನೂ ಪ್ರಭುವೂ ಸಿಕ್ಕ ಬಸ್ಸು ಹತ್ತಿದೆವು. ಅವನು ಕೋಣೆಗೆ ಬೀಗ ಹಾಕಿ, ಲೈನು ಸರಿಯಿಲ್ಲ ಎಂದು ಬೋರ್ಡು ತಗಲಿಸಿ ಬಂದಿದ್ದ.

ಮಗ್ಗ ತುಂಬಿದ ನಡುಮನೆಯಲ್ಲಿ ಕೂರಲು ಜಾಗವಿಲ್ಲದೆ ಗೀತಮ್ಮ ಮರಳಿನ ಗುಡ್ಡೆಯ ಮೇಲಿನ ಗೋಣಿಚೀಲದ ಮೇಲೇ ಕೂತಿದ್ದರು. ಮಡಿಲಲ್ಲಿ ತಾಯಿಯ ಸೀರೆ. ಅಂಚಿನ ಮೇಲೆ ನಾವು ಕಳಿಸಿದ ಎಳೆಯನ್ನಿಟ್ಟು ನನಗೆ ತೋರಿಸಿದರು. ಎಲ್ಲಿ ಅಂಚು, ಎಲ್ಲಿ ಎಳೆ ಎಂದು ನನಗೆ ತಿಳಿಯಲಿಲ್ಲ. ಕಾಗದ ಬರೆದರೆ ಸಾಲದು, ಬಂದೇ ಹೇಳಬೇಕು ಎನ್ನಿಸಿತು ಎಂದರು. ವೈಶಾಖದಲ್ಲಿ ಮಗಳ ಮದುವೆ. ತಾಯಿಯ ಸೀರೆಯಂಥದೇ ಒಂದು ಮಗಳಿಗೆ ಬೇಕು, ಅದೇ ಕೆಂಪು, ಅದೇ ಕುಟ್ಟು. ಜೊತೆಗೆ ಹತ್ತಿರದವರಿಗೆ ಕೊಡಲು ಇನ್ನೂ ಕೆಲವು.

ಎಲ್ಲರೂ ಗೋವಿಂದಪ್ಪನವರನ್ನು ನೋಡಿದೆವು. ಅವರು ಮಗನನ್ನು ನೋಡಿದರು.

"ವೈಶಾಖಕ್ಕೆ ಆಗಲ್ಲಮ್ಮ" ಎಂದ ಚೌಡೇಶ್. ವೀಣಾಳ ಕೈ ಸೆರಗಿನ ತುದಿಯಲ್ಲಿ ನಿಂತಿತು. "ನಮ್ಮಪ್ಪ ಒಬ್ರೇ ಗುಂಡೀಗಿಳಿದ್ರೆ ಆಗಲ್ಲ. ನಾನು ಇಳೀತೀನಿ. ಅವ್ರು ಮ್ಯಾಲೆ ಮಣೆ ಹಾಕ್ಕಂಡು ಕುಂತು ಲಾಳಿ ಕೊಡ್ಲಿ. ಹಂಗಾದ್ರೆ ಆಗುತ್ತೆ."

ಗೋವಿಂದಪ್ಪ ಮಗನ ಕೈಬೆರಳುಗಳನ್ನು ನೋಡಿದರು. ಆಮೇಲೆ, "ಇವನು ಕೈ ಬಿಟ್ಟು ಬಾಳ ವರ್ಷ ಆತು. ಮೊದ್ಲು ಒಂದು ಮೊಳ ನೇಯ್ದು ತೋರಿಸ್ಲಿ" ಎಂದರು. ದ್ಯಾಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ವೀಣಾ ಒಳಗೆ ಹೋಗಿ ತಟ್ಟೆಯಲ್ಲಿ ಎಲೆ ಅಡಿಕೆ ತಂದಳು. ಅಂಗಡಿಗೆ ನಡೆದುಬಂದ ಮೊದಲ ಗಿರಾಕಿಯ ಕೈಗೆ ಅದನ್ನು ಕೊಟ್ಟವರು ಗೋವಿಂದಪ್ಪನವರೇ.

ಅದಾದ ಮೇಲೆ ಅರ್ಧಕ್ಕೆ ನಿಂತಿದ್ದ ಸೀರೆ ಎರಡೇ ದಿನದಲ್ಲಿ ಮುಗಿಯಿತಂತೆ.

ಮರಳನ್ನು ಚೌಡೇಶ್ ವಾಪಸ್ ಕಳಿಸಲಿಲ್ಲ. ಬಂದವರು ಮರಳಿನ ಮೇಲೆ ಕೂರುವಂತಾಯಿತಲ್ಲ ಎಂದು ಅವನಿಗೆ ಬೇಸರವಾಗಿತ್ತು. ಅದರಿಂದಲೇ ಬಾಗಿಲ ಎರಡೂ ಕಡೆ ಜಗುಲಿ ಕಟ್ಟಿಸಿದ.

ಗೀತಮ್ಮನವರಿಂದ ಅವರ ಗೆಳತಿಯರು, ಅವರಿಂದ ಇನ್ಯಾರೋ. ಬಹಳ ಜನರೇನಲ್ಲ, ಒಂದು ಮಗ್ಗಕ್ಕೆ ಸಾಕಾಗುವಷ್ಟು. ಬಂದವರ ಬಗ್ಗೆ ಒಂದೊಂದು ಪ್ಯಾರಾ ಬರೆಯುವ ಪದ್ಧತಿಯನ್ನು ಪ್ರಭು ಬೇರೆ ಅಂಗಡಿಗಳಿಗೂ ಹಚ್ಚಿದ. ಎಣ್ಣೆ ಮಿಲ್ಲಿನ ಪುಟದಲ್ಲಿ ಕಡಲೆಕಾಯಿ ತರುವ ರೈತರ ಹೆಸರುಗಳು, ಅವರ ಊರುಗಳು ಬಂದವು. ಆಮೇಲೆ ಎಲ್ಲರ ಕೈಗೂ 'ಸ್ಮಾರ್ಟ್ ಫೋನ್' ಬಂದು ಅವನ ಕೋಣೆಗೆ ಜನ ಕಡಿಮೆಯಾದರು. ಅವನು ಚಿತ್ರದುರ್ಗಕ್ಕೆ ಹೋದ. ಹೊರಡುವ ದಿನ ನಮ್ಮ ಫೋನಿನ ತಂತಿಯನ್ನು ಗೋಡೆಗೆ ನೀಟಾಗಿ ಮೊಳೆ ಹೊಡೆದು ಕೂರಿಸಿ ಹೋದ. ಗೋವಿಂದಪ್ಪನವರ ಪುಟವೂ ಯಾವಾಗಲೋ ಇಲ್ಲದಂತಾಯಿತು. ಈಗ ವೀಣಾ ಫೋನಿನಿಂದಲೇ ಸೀರೆಯ ಚಿತ್ರ ಕಳಿಸುತ್ತಾಳೆ. ಚಿತ್ರ ಪಟ್ಟಿಪಟ್ಟಿಯಾಗಿ ಇಳಿಯುವುದಿಲ್ಲ, ಒಮ್ಮೆಗೇ ಬಂದುಬಿಡುತ್ತದೆ. ಕೆಲವೊಮ್ಮೆ ನನಗೆ ಆ ಇಳಿದು ಬರುವುದೇ ಬೇಕೆನ್ನಿಸುತ್ತದೆ. ನವಿಲಿನ ಜುಟ್ಟು ಮೊದಲು, ಆಮೇಲೆ ಕತ್ತು, ಆಮೇಲೆ ಗರಿ.

ಹೋದ ವರ್ಷ ಮೊಳಕಾಲ್ಮುರಿಗೆ ಹೋಗಿದ್ದೆ. ಗೋವಿಂದಪ್ಪನವರು ಈಗಿಲ್ಲ. ಗುಂಡಿಯಲ್ಲಿ ಚೌಡೇಶ್ ಕೂತಿದ್ದ, ಮೊಣಕಾಲಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು. ಜಗುಲಿಯ ಮೇಲೆ ಪಾತಮ್ಮ ಕೂತಿದ್ದರು. ಕಣ್ಣು ಮಂಜಾಗಿದೆ, ನೂಲು ಸುತ್ತುವುದನ್ನು ಬಿಟ್ಟಿದ್ದಾರೆ. ನನ್ನ ದನಿಯಿಂದಲೇ ಗುರುತು ಹಿಡಿದು, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಪಕ್ಕದಲ್ಲಿದ್ದ ಯಾರೋ ಹೊಸ ಗಿರಾಕಿಗೆ ಅವರು ಹಳೆಯ ಕಥೆ ಹೇಳುತ್ತಿದ್ದರು.

"ಈ ಅಂಗಡಿ ಕಂಪೂಟ್ರಾಗೆ ತೆಗೆದಾಗ ಮೊದ್ಲು ಒತ್ತಿದ್ದು ನಾನೇ. ಬೇಕಾದ್ರೆ ಮೇಡಂನ ಕೇಳ್ರಿ."

"ಹೌದು" ಎಂದೆ. "ಪಾತಮ್ಮನೋರದ್ದೇ ಬೋಣಿ."